ಗೋಣು ಹಾಕಿದ ಮೇಲೆ

ಬೆಳಿಗ್ಗೆ ಎದ್ದಾಗಿನಿಂದ ನೀಲಕಂಠನ ತಲೆಯಲ್ಲಿ ಏಳನೆಯ ಪ್ರಶ್ನೆಯೊಂದೇ ಕೂತಿತ್ತು. ಹಲ್ಲುಜ್ಜುವಾಗ ಇತ್ತು, ನಿನ್ನೆಯ ರೊಟ್ಟಿಯನ್ನು ಮೊಸರು, ಶೇಂಗಾ ಹಿಂಡಿಯ ಜೊತೆ ನಿಂತುಕೊಂಡೇ ತಿನ್ನುವಾಗಲೂ ಇತ್ತು. ‘ಹಿರಿಯರು ಆಶ್ರಮದಲ್ಲಿ ಕಾಯಂ ಇರಲು ಸ್ವಇಚ್ಛೆಯಿಂದ ಒಪ್ಪಿದ್ದಾರೆಯೇ?’ ಎದುರಿಗೆ ಎರಡು ಚೌಕ, ಹೌದು ಮತ್ತು ಇಲ್ಲ. ಈ ಫಾರ್ಮು ಬರೆದವರು ಪುಣ್ಯವಂತರು, ಮನುಷ್ಯನ ಕಥೆ ಈ ಎರಡು ಚೌಕದಲ್ಲಿ ಮುಗಿಯುತ್ತದೆ ಎಂದು ನಂಬಿದವರು ಎಂದುಕೊಂಡ. ಆದರೆ ನಗು ಬರಲಿಲ್ಲ, ಏಕೆಂದರೆ ಮೂರು ತಿಂಗಳ ಹಿಂದೆ ನೇಕಾರ ಮುದುಕಿ ಮುತ್ತವ್ವನನ್ನು ವೃದ್ಧಾಶ್ರಮಕ್ಕೆ ಸೇರಿಸುವ ದಿನ ಇದೇ ತರದ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದವನು ಅವನೇ. ಅವತ್ತು ಹಾಕಿದ್ದು ತಾತ್ಕಾಲಿಕಕ್ಕೆ. ಇವತ್ತು ಹಾಕಬೇಕಾದದ್ದು ಕಾಯಂಗೆ. ಮುತ್ತವ್ವ ಇವತ್ತು ಹೌದೆಂದರೆ ಬನಹಟ್ಟಿಯಲ್ಲಿ ಅವಳದೆಂದು ಉಳಿದಿದ್ದ ಒಂದೇ ಒಂದು ಖೋಲಿ ನಾಳೆಯಿಂದ ಅವಳದಲ್ಲ. ಆ ಖೋಲಿಯ ಕೀಲಿಕೈ ಮೂರು ತಿಂಗಳಿಂದ ಅವನ ಹತ್ತಿರವೇ ಇತ್ತು. ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಬಂದ.

ಅವನ ಕೆಲಸಕ್ಕೆ ಸಂಯೋಜಕ ಎಂದು ದೊಡ್ಡ ಹೆಸರಿತ್ತು. ವಯಸ್ಸಾದವರಿಗೆ ನೆರವು ಕೊಡಿಸುವ ಒಂದು ಸಂಸ್ಥೆ, ಜಮಖಂಡಿಯಲ್ಲಿ ಎರಡು ಕೋಣೆಯ ಆಫೀಸು. ನಿಂತುಹೋದ ಪಿಂಚಣಿ ಮತ್ತೆ ಶುರು ಮಾಡಿಸುವುದು, ವಾಕರ್ ತಂದುಕೊಡುವುದು, ಹಾಸಿಗೆ ಹುಣ್ಣು ತೊಳೆಯಲು ನರ್ಸಮ್ಮನನ್ನು ಹುಡುಕುವುದು, ದವಾಖಾನೆಯಿಂದ ಮನೆಗೆ, ಮನೆಯಿಂದ ಆಶ್ರಮಕ್ಕೆ ಕರೆದೊಯ್ಯುವುದು. ಬೀಳಗಿಯಲ್ಲಿ ಲಕ್ವ ಹೊಡೆದ ಒಬ್ಬ ಮುದುಕ, ತುಬಚಿಯಲ್ಲಿ ಕಣ್ಣು ಕಾಣದ ಒಬ್ಬಳು, ಮುಧೋಳದಲ್ಲಿ ಇಬ್ಬರು, ರಬಕವಿ-ಬನಹಟ್ಟಿಯಲ್ಲಿ ಹದಿಮೂರು ಜನ. ಎಲ್ಲರ ಮನೆಯಲ್ಲೂ ಅವನಿಗೆ ಚಹಾ ಸಿಗುತ್ತಿತ್ತು. ಸಂಜೆ ತನ್ನ ಮನೆಗೆ ಬಂದರೆ ಮಾತ್ರ ಚಹಾ ಕಾಸಿಕೊಳ್ಳಲೂ ಬೇಸರ. ಅವ್ವ ಶೇವಂತೆವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯ ಮಗ್ಗಗಳನ್ನು ಅದಕ್ಕೂ ಮೊದಲೇ ಮಾರಿಯಾಗಿತ್ತು. ಐವತ್ತೊಂದು ವರ್ಷದ ಒಂಟಿ ಗಂಡಸು ಅಷ್ಟು ದೊಡ್ಡ ಪಡಸಾಲೆಯಲ್ಲಿ ರೇಡಿಯೋ ಹಚ್ಚಿಕೊಂಡು ಮಲಗುತ್ತಿದ್ದ, ಹಾಡಿಗಲ್ಲ, ಏನಾದರೂ ಒಂದು ಸದ್ದಿರಲಿ ಎಂದು.

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ವೀರಣ್ಣನ ಶೆಡ್ಡು. ತಪ್ಪಿಸಿಕೊಂಡು ಹಿಂದಿನ ಓಣಿಯಿಂದ ಹೋಗಬಹುದಿತ್ತು, ಆದರೆ ಹಾಗೆ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ತನಗೇ ಗೊತ್ತಾಗುವುದು ಬೇಡವೆಂದು ನೇರ ನಡೆದ. ಎಂಟು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು. ವೀರಣ್ಣ ಬಾಗಿಲಲ್ಲೇ ನಿಂತಿದ್ದ. ಶೆಡ್ಡಿನ ಬೆನ್ನಿಗಂಟಿದ ಖೋಲಿಯಲ್ಲಿ ಮೂವತ್ತು ವರ್ಷ ಮುತ್ತವ್ವ ಇದ್ದಳು. ಮೊದಲು ವೀರಣ್ಣನ ಅಪ್ಪನ ಮಗ್ಗದಲ್ಲಿ ನೇಯ್ದಳು, ಕೈ ಸೋತ ಮೇಲೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದಳು, ಎಳೆ ಹಿಡಿಯುವ ಕಣ್ಣೂ ಸೋತ ಮೇಲೆ ಸುಮ್ಮನೆ ಇದ್ದಳು. ವೀರಣ್ಣ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನೀಲಕಂಠನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಇವತ್ತ ಹೊಂಟೀರೇನ್ರಿ ಆಶ್ರಮಕ್ಕ? ನಾ ಏನ ಅವಸರಾ ಮಾಡಾಂಗಿಲ್ಲ. ಖರೆ, ನೂಲಿನ ಚೀಲಾ ಇಡಾಕ ಜಾಗಾ ಇಲ್ಲರಿ, ಮಳಿ ಬಂದ್ರ ಎಲ್ಲಾ ತೋಯ್ತಾವು. ಆಕಿ ಅಲ್ಲೇ ಇರ್ತಾಳಂದ್ರ ಸಂಜೀಕ ಕೀಲಿಕೈ ಕೊಟ್ಟಬಿಡ್ರಿ. ಬರ್ತಾಳಂದ್ರ ಬರ್ಲಿ, ನಾ ಹಾಂಗ ಇಡ್ತೇನಿ.”

“ಕೇಳಿ ಹೇಳ್ತೇನ್ರಿ.”

“ಇನ್ನೇನ ಕೇಳೂದು ಬಿಡ್ರಿ. ಅವತ್ತ ಆಕಿನ ಒಪ್ಪಿದ್ಳಲ್ಲ, ನೀವ ಬರಕೊಂಡ್ರಿ.”

ಹೌದು, ಬರೆದುಕೊಂಡವನು ತಾನೇ. ಜೇಬಿನ ಮೇಲೆ ಕೈಯಿಟ್ಟು ಕೀಲಿಕೈ ಇದೆಯೇ ಎಂದು ನೋಡಿಕೊಂಡು ನೀಲಕಂಠ ಮುಂದೆ ನಡೆದ.

ಬಸ್ಸಿನ ತುಂಬ ಹೆಂಗಸರು. ಟಿಕೆಟ್ಟಿಗೆ ದುಡ್ಡು ಕೊಡಬೇಕಾದ ಅಪರೂಪದ ಪ್ರಾಣಿಗಳಲ್ಲಿ ತಾನೂ ಒಬ್ಬ ಎಂದು ಕಂಡಕ್ಟರ್ ಹತ್ತಿರ ಬಂದಾಗಲೇ ಅವನಿಗೆ ನೆನಪಾಗುತ್ತಿದ್ದದ್ದು. ಕಿಟಕಿಯ ಹತ್ತಿರ ಸಿಕ್ಕ ಜಾಗದಲ್ಲಿ ಕೂತು ಎರಡು ನಿಮಿಷವಾಗಿರಲಿಲ್ಲ, “ಸ್ವಲ್ಪ ಏಳ್ರಿ, ಕೂಸೈತಿ” ಎಂದು ಒಬ್ಬಾಕೆ ಎಬ್ಬಿಸಿದಳು. ಎದ್ದು ಕಂಬ ಹಿಡಿದು ನಿಂತ. ಹೊರಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಎರಡೆರಡು ಟ್ರೇಲರ್ ಎಳೆದುಕೊಂಡು ತೊನೆಯುತ್ತಾ ಹೋಗುತ್ತಿದ್ದವು. ಅವುಗಳ ಹಿಂದೆ ಸಿಕ್ಕಿಕೊಂಡ ಬಸ್ಸು ನಡೆಯುವವನಷ್ಟೇ ನಿಧಾನ. ಮುತ್ತವ್ವನನ್ನು ಸೇರಿಸಿದ ದಿನ ನೆನಪಾಯಿತು. ಅವತ್ತು ಶುಕ್ರವಾರ, ಆಟೋ ಹೊರಗೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಮುತ್ತವ್ವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ಹತ್ತು ದಿನ ದವಾಖಾನೆಯಲ್ಲಿದ್ದು ಹಿಂದಿನ ದಿನವಷ್ಟೇ ಖೋಲಿಗೆ ಬಂದಿದ್ದಳು. ಪಕ್ಕದ ಮನೆಯ ಸಾವಿತ್ರೆವ್ವ ರಾತ್ರಿಯೆಲ್ಲಾ ಎತ್ತಿ ಕೂರಿಸಿ, ಮಲಗಿಸಿ, ತನ್ನದೇ ಬೆನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಆಶ್ರಮದಲ್ಲಿ ಒಂದೇ ಹಾಸಿಗೆ ಖಾಲಿಯಿತ್ತು, ಮಧ್ಯಾಹ್ನದೊಳಗೆ ಸೇರಿಸದಿದ್ದರೆ ಅದು ಬೇರೆಯವರಿಗೆ. ಹಾಸಿಗೆ ಹಿಡಿದಿಟ್ಟವನು, ಡಾಕ್ಟರ ಚೀಟಿ, ಫಿಸಿಯೋ ಹುಡುಗಿಯ ವಾರದ ಭೇಟಿ, ಪಿಂಚಣಿಯ ವಿಳಾಸ ಬದಲಾವಣೆ ಎಲ್ಲವನ್ನೂ ಎರಡು ದಿನದಲ್ಲಿ ಕೂಡಿಸಿದವನು ನೀಲಕಂಠ. ಅವನಿಗೆ ಅವತ್ತು ತನ್ನ ಬಗ್ಗೆ ಹೆಮ್ಮೆಯಿತ್ತು. ಗೋಡೆಯ ಆಚೆ ಎಂಟು ಮಗ್ಗಗಳ ಸದ್ದು, ನೆಲವೆಲ್ಲಾ ಜುಂ ಎನ್ನುತ್ತಿತ್ತು. ಮಗ್ಗದ ಸದ್ದಿಗೆ ಕಿವಿ ಎಂದೋ ಹೋಗಿದ್ದ ಅವಳ ಮುಖದ ಎದುರು ಕೂತು, ತುಟಿ ಅಗಲಿಸಿ, ಜಮಖಂಡಿ ಕಡೆಗೆ ಕೈ ತೋರಿಸಿ ಕೇಳಿದ್ದ: ಆಶ್ರಮಕ್ಕ ಹೋಗೂನೇನಬೇ? ಮುತ್ತವ್ವ ಅವನನ್ನೇ ನೋಡಿ, ಗದ್ದವನ್ನು ಎದೆಯ ಕಡೆ ಇಳಿಸಿ, ಅಲ್ಲೇ ಒಂದು ಗಳಿಗೆ ನಿಲ್ಲಿಸಿ, ಎತ್ತಿದಳು. “ಒಪ್ಪಿದ್ಳ ನೋಡಪಾ” ಎಂದು ಸಾವಿತ್ರೆವ್ವ ಉಸಿರು ಬಿಟ್ಟಳು. ಸಾವಿತ್ರೆವ್ವ ಮುಧೋಳದ ಕಡೆಯ ಹೊಲಮನೆಯ ಹೆಣ್ಣು, ಅವಳಿಗೆ ಗೊತ್ತಿರಲಿಕ್ಕಿಲ್ಲ. ನೀಲಕಂಠನಿಗೆ ಗೊತ್ತಿತ್ತು.

ಪವರ್‌ಲೂಮಿನ ಸದ್ದಿನಲ್ಲಿ ಹುಟ್ಟಿ ಬೆಳೆದವರ ಮಾತು ಬಾಯಿಗಿಂತ ಹೆಚ್ಚು ಹುಬ್ಬಿನಲ್ಲಿ, ಬೆರಳಿನಲ್ಲಿ ಇರುತ್ತದೆ. ಕಿವಿ ಇದ್ದಾಗಲೂ ಅಷ್ಟೇ, ಮುಂದೆ ಕಿವಿ ಹೋದ ಮೇಲೂ ಅಷ್ಟೇ. ಊಟವಾಯಿತೇ ಎನ್ನಲು ಒಂದು ಸನ್ನೆ, ಮಾಲಕ ಬಂದ ಎನ್ನಲು ಒಂದು, ಇವನು ಕುಡಿದು ಬಂದಿದ್ದಾನೆ ಎನ್ನಲು ಒಂದು. ಹೀಗೆ ಗದ್ದ ಇಳಿಸಿ ಎತ್ತಿ ಗೋಣು ಹಾಕುವುದೂ ಅಂಥದ್ದೇ. ಹೊರಗಿನವರು ಕಂಡರೆ ಒಪ್ಪಿದರೆಂದೇ ತಿಳಿದಾರು, ಆದರೆ ಮಗ್ಗದ ಮನೆಯಲ್ಲಿ ಅದು ಒಪ್ಪಿಗೆಯಲ್ಲ. ನೀನು ಏನೋ ಕೇಳಿದ್ದು ನೋಡಿದೆ, ಲಾಳಿಯೊಳಗಿನ ಕಂಡಿಕೆಯ ನೂಲು ತೀರಲಿ, ಮಗ್ಗ ನಿಲ್ಲಿಸಿ ಬರುತ್ತೇನೆ, ಆಮೇಲೆ ಹೇಳುತ್ತೇನೆ. ಅಷ್ಟೇ. ಕೇಳಿದವರು ನಿಲ್ಲಬೇಕು. ಸಾಲಿ ಬಿಟ್ಟು ಓಡಿಬಂದು, ಹೊಟ್ಟೆ ಮುಟ್ಟಿ ತೋರಿಸಿ, ಅವ್ವ ಗೋಣು ಹಾಕಿದ ಮೇಲೆ ಮಗ್ಗದ ಕಂಬಕ್ಕೆ ಒರಗಿ ಎಷ್ಟು ಸಲ ನಿಂತಿಲ್ಲ ಅವನು. ಲಾಳಿ ಅತ್ತಿಂದಿತ್ತ ಓಡುವುದನ್ನೇ ನೋಡುತ್ತ ನಿಂತರೆ ಹಸಿವೂ ಅರ್ಧ ಮರೆಯುತ್ತಿತ್ತು. ನೂಲು ತೀರಿದ್ದೇ ಅವ್ವ ಮಗ್ಗ ನಿಲ್ಲಿಸಿ, ಸೆರಗಿನಿಂದ ಮುಖದ ಮೇಲಿನ ಅರಳೆಯ ಧೂಳು ಒರೆಸಿಕೊಂಡು ಬಂದೇ ಬರುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವತ್ತು ಶುಕ್ರವಾರ ಅವನ ಪೆನ್ನು ಹೌದು ಎಂಬ ಚೌಕಕ್ಕೆ ಹೋಯಿತು. ಮುತ್ತವ್ವ ಬಾಯಿ ತೆರೆದು ಏನೋ ಹೇಳಲಿಕ್ಕೆ ಹೊರಟಾಗ “ಆತು ಆತು, ಅಲ್ಲಿ ಹೋಗಿ ಮಾತಾಡೂನು” ಎಂದು ಆಟೋದವನನ್ನು ಒಳಗೆ ಕರೆದ. ಇಬ್ಬರೂ ಸೇರಿ ಅವಳನ್ನು ಎತ್ತಿ ಕೂರಿಸಿದರು. ಆಟೋ ಹೊರಟಾಗ ಅವಳು ಕೊರಳಿನ ದಾರದಿಂದ ಕೀಲಿಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಆಶ್ರಮದಲ್ಲಿ ಇಳಿಸಿದ ಮೇಲೆ ಅವನು ಮಾತಾಡಲಿಲ್ಲ, ಬೀಳಗಿಯ ಬಸ್ಸಿಗೆ ಹೊತ್ತಾಗಿತ್ತು.

ಜಮಖಂಡಿ ಇನ್ನೂ ಎರಡು ಮೈಲಿ ಇರುವಾಗಲೇ ರಸ್ತೆಯ ಪಕ್ಕಕ್ಕೆ ಆಶ್ರಮ. ಕೈ ಮಾಡಿದರೆ ಬಸ್ಸು ನಿಲ್ಲುತ್ತದೆ. ಗೇಟಿನಿಂದ ಒಳಗೆ ಬರುತ್ತಿದ್ದಂತೆ ನೀಲಕಂಠನಿಗೆ ಮೊದಲು ತಟ್ಟಿದ್ದು ಅಲ್ಲಿಯ ಮೌನ. ಚೊಕ್ಕ ಅಂಗಳ, ಸುಣ್ಣ ಹೊಡೆದ ಕಟ್ಟೆ, ಸಾಲಾಗಿ ಒಗೆದು ಹಾಕಿದ ಬಿಳಿ ಹೊದಿಕೆಗಳು. ಪಡಸಾಲೆಯಲ್ಲಿ ಏಳೆಂಟು ಜನ ಮುದುಕ ಮುದುಕಿಯರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ತಪ್ಪು ಹುಡುಕುವವನಿಗೆ ಅಲ್ಲಿ ತಪ್ಪೇನೂ ಸಿಗುತ್ತಿರಲಿಲ್ಲ. ಇಲ್ಲಿಯ ಉಸ್ತುವಾರಿ ನೋಡುವ ನಂದಾ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎರಡು ಕೈಯಲ್ಲೂ ಬಕೆಟ್ ಹಿಡಿದೇ ಮಾತಾಡುವ ಹೆಣ್ಣು.

“ಬರ್ರಿ ಸರ್. ಮುತ್ತಜ್ಜಿ ಹಿಂದ ಕುಂತಾಳ್ರಿ, ನೀರಿನ ಮೋಟರ್ ಖೋಲಿ ಕಡೆ. ಎಷ್ಟ ಕರದ್ರೂ ಮುಂದ ಬಂದ ಕುಂದ್ರಾಂಗಿಲ್ಲ. ಅದ ಗ್ವಾಡಿಗೆ ಕೈ ಹಚ್ಚಿಕೊಂಡ ಕುಂದ್ರತಾಳ. ಮೋಟರ್ ಚಾಲೂ ಇದ್ದಾಗ ಛಲೋ ಇರ್ತಾಳ, ಬಂದಾತಂದ್ರ ಮಕಾ ಸಣ್ಣ ಆಕ್ಕೈತಿ.”

“ಉಣ್ಣೂದು ತಿನ್ನೂದು?”

“ಎಲ್ಲಾ ಬರೋಬ್ಬರಿ ಐತಿ. ಬಾಳ ಛಲೋ ಅಜ್ಜಿ, ತಕರಾರ ಅನ್ನೂದ ಇಲ್ಲ. ಏನ್ ಕೇಳಿದ್ರೂ ಗೋಣು ಹಾಕ್ತಾಳ. ಹೋದ ತಿಂಗಳಾ ತಲ್ಯಾಗ ಹೇನು ಬಾಳ ಆಗಿದ್ವು, ಕೂದ್ಲಾ ತಗಸೂನೇನಜ್ಜಿ ಅಂದೆ, ಗೋಣು ಹಾಕಿದ್ಳು. ತಗಸಿದ್ವಿ. ಯಾಕೋ ಏನೋ, ಆಮ್ಯಾಲೆ ಎರಡ ದಿನಾ ಉಣ್ಣಲಿಲ್ಲ ನೋಡ್ರಿ.”

ನೀಲಕಂಠ ಚೀಲದ ಜಿಪ್ಪು ಎಳೆದ. ಹೇಳಬೇಕಿತ್ತು. ಆ ಗೋಣಿನ ಅರ್ಥ ಬೇರೆ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಆದರೆ ಹೇಳಿದರೆ ನಂದಾ ಬಕೆಟ್ ಕೆಳಗಿಟ್ಟು, ಹಂಗಾರ ನಿಮಗ ಮೊದಲ ಗೊತ್ತಿತ್ತೇನ್ರಿ ಎಂದು ಕೇಳುತ್ತಾಳೆ. ಚೀಲದಲ್ಲಿ ಫೈಲು ಹುಡುಕುವವನಂತೆ ಮಾಡುತ್ತ ಹಿಂದಿನ ಕಡೆ ನಡೆದ. ಮೂರು ತಿಂಗಳಲ್ಲಿ ಎರಡು ಸಲ ಫೋನು ಮಾಡಿ ವಿಚಾರಿಸಿದ್ದ, ಎರಡೂ ಸಲ ಅಜ್ಜಿ ಆರಾಮ ಎಂದಿದ್ದರು, ಎರಡೂ ಸಲ ಅವನು ಅದನ್ನು ತಾರೀಖಿನ ಸಮೇತ ಬರೆದುಕೊಂಡಿದ್ದ.

ಮುತ್ತವ್ವ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಮರದ ಕುರ್ಚಿಯಲ್ಲಿ ಕೂತಿದ್ದಳು. ಬಲಗೈ ಗೋಡೆಯ ಮೇಲಿತ್ತು. ಒಳಗೆ ಮೋಟರು ಓಡುತ್ತಿತ್ತು, ಅಂಗಳದ ಆ ಮೂಲೆಯಲ್ಲಷ್ಟೇ ಸಣ್ಣ ಗುಂಯ್ ಸದ್ದು. ಅವನನ್ನು ಕಂಡು ಗುರುತು ಹಿಡಿದಳು, ಎಡಗೈಯಿಂದ ಕೂತುಕೋ ಎಂದಳು. ಎದುರಿನ ಕಟ್ಟೆಯ ಮೇಲೆ ಕೂತ. ಮೊದಲಿಗಿಂತ ಮೈ ತುಂಬಿಕೊಂಡಿತ್ತು. ಸೆರಗಿನ ಅಂಚಿನಲ್ಲಿ ಕತ್ತರಿಸಿದ ಬಿಳಿ ಕೂದಲು ಒರಟಾಗಿ ಕಾಣುತ್ತಿತ್ತು. ಅವನು ನೋಡಿದ್ದನ್ನು ಅವಳು ನೋಡಿದಳು, ಸೆರಗು ಇನ್ನಷ್ಟು ಮುಂದೆ ಬಂತು. ಫೈಲು ತೆಗೆದು ಮಂಡಿಯ ಮೇಲಿಟ್ಟುಕೊಂಡು, ಮೊದಲ ಆರು ಪ್ರಶ್ನೆ ಅವಳನ್ನು ಕೇಳದೆಯೇ ತುಂಬಿದ. ಊಟ ಸರಿಯಿದೆ. ಔಷಧ ಸಿಗುತ್ತಿದೆ. ಫಿಸಿಯೋ ವಾರಕ್ಕೊಮ್ಮೆ ಬರುತ್ತಾಳೆ. ಇಬ್ಬರು ಹಿಡಿದರೆ ನಾಲ್ಕು ಹೆಜ್ಜೆ ಇಡುತ್ತಾರೆ. ಆಮೇಲೆ ಪೆನ್ನು ನಿಂತಿತು.

ತುಟಿ ಅಗಲಿಸಿ, ಎರಡೂ ಕೈಯಿಂದ ನೆಲ ತೋರಿಸಿ ಕೇಳಿದ: “ಇಲ್ಲೇ ಇರ್ತೀಯೇನಬೇ? ಕಾಯಂ?”

ಮುತ್ತವ್ವ ಗದ್ದ ಇಳಿಸಿದಳು, ನಿಲ್ಲಿಸಿದಳು, ಎತ್ತಿದಳು.

ಪೆನ್ನಿನ ಮುಚ್ಚಳ ಹಾಕಿ ನೀಲಕಂಠ ಕಟ್ಟೆಯ ಮೇಲೆ ಕೈಯೂರಿ ಕೂತ. ಈ ಸಲ ಆಟೋ ನಿಂತಿರಲಿಲ್ಲ. ಮೋಟರು ಓಡುತ್ತಿತ್ತು. ಅವಳು ಅವನ ಕಡೆ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು. ಐದು ನಿಮಿಷ, ಹತ್ತು ನಿಮಿಷ. ಇಷ್ಟು ಹೊತ್ತು ಏನೂ ಮಾಡದೆ ಒಬ್ಬರ ಎದುರು ಕೂತು ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಾಗಲಿಲ್ಲ. ಅವ್ವನ ಎದುರಂತೂ ಕೂತಿರಲಿಲ್ಲ. ಅವ್ವನ ಕೊನೆಯ ವರ್ಷ, ಕಾಲು ಬಾತು ಹಾಸಿಗೆ ಹಿಡಿದಿದ್ದಳು. ಒಳಗಿನ ಖೋಲಿಯ ಹಾಸಿಗೆಯಿಂದ ಪಡಸಾಲೆಯ ಮೇಜು ಕಾಣುತ್ತಿತ್ತು. ಅವನು ಆ ಮೇಜಿನ ಹತ್ತಿರ ಫೋನಿನಲ್ಲಿ ಯಾರೋ ಮುದುಕಿಗೆ ಬೆಡ್‌ಪ್ಯಾನ್ ಕೊಡಿಸುವ ಮಾತಾಡುತ್ತಿದ್ದ. ಅವ್ವ ಒಳಗಿನಿಂದ ಕೈಯೆತ್ತಿ ಬಚ್ಚಲಿಗೆ ಎಂಬ ಸನ್ನೆ ಮಾಡಿದಳು. ಅವನು ಅವಳನ್ನು ನೋಡಿ ಗೋಣು ಹಾಕಿದ. ಅವಳದೇ ಗೋಣು, ಅವಳೇ ಕಲಿಸಿದ್ದು. ಅವಳು ಕೈ ಇಳಿಸಿ, ಸಮಾಧಾನದಿಂದ ಕಾಯಲು ಮಲಗಿದಳು. ಆ ಫೋನು ಮುಗಿದ ಮೇಲೆ ಇನ್ನೊಂದು ಬಂತು, ಆಮೇಲೆ ಒಂದು ಪಟ್ಟಿ ಕಳಿಸಬೇಕಿತ್ತು. ಮುಕ್ಕಾಲು ತಾಸಿನ ಮೇಲೆ ಒಳಗೆ ಹೋದಾಗ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಾಸಿಗೆ ಒದ್ದೆಯಾಗಿತ್ತು. ಬೈದಿದ್ದರೆ ಆಗುತ್ತಿತ್ತು. ಬಟ್ಟೆ ಬದಲಿಸುವಾಗಲೂ ಮುಖ ತಿರುಗಿಸಲಿಲ್ಲ, ಮಗನ ಕೈ ಮುಟ್ಟಿದಲ್ಲೆಲ್ಲಾ ಮೈ ಬಿಗಿ ಹಿಡಿದಳು. ಆಮೇಲೆ ಎಂಟು ತಿಂಗಳು ಬದುಕಿದ್ದಳು, ಒಂದು ಸಲವೂ ಅವನನ್ನು ಸನ್ನೆ ಮಾಡಿ ಕರೆಯಲಿಲ್ಲ. ಹಸಿವಾದರೆ, ಆಗ ಅವಳನ್ನೂ ನೋಡಿಕೊಳ್ಳುತ್ತಿದ್ದ ಸಾವಿತ್ರೆವ್ವ ಬರುವವರೆಗೆ ಕಾಯುತ್ತಿದ್ದಳು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಇರಲೂ ಇಲ್ಲ.

ನೀರಿನ ಟಾಕಿ ತುಂಬಿ ಮೋಟರು ನಿಂತಿತು. ಗುಂಯ್ ಸದ್ದು ಹೋಗಿ ಅಂಗಳವೆಲ್ಲಾ ಖಾಲಿಯಾಯಿತು. ಮುತ್ತವ್ವ ಗೋಡೆಯಿಂದ ಕೈ ತೆಗೆದು, ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯಲ್ಲೇ ಅವನ ಕಡೆ ತಿರುಗಿದಳು.

“ಅವತ್ತ ಯಾಕ ನಿಲ್ಲಲಿಲ್ಲ ನೀ?”

ಮಗ್ಗದವರ ಧ್ವನಿ, ಎಂಟು ಮಗ್ಗದ ಮೇಲೆ ಕೇಳಿಸಬೇಕಾದ ಧ್ವನಿ. ಆ ಮೌನದಲ್ಲಿ ಅದು ಮುಂದಿನ ಪಡಸಾಲೆಯವರೆಗೂ ಹೋಯಿತು. ಎರಡು ಮೂರು ತಲೆಗಳು ಹಿಂದಕ್ಕೆ ಹೊರಳಿದವು, ನಂದಾ ಬಕೆಟ್ ಹಿಡಿದೇ ಬಾಗಿಲಿಗೆ ಬಂದಳು. ನೀಲಕಂಠನಿಗೆ ಧ್ವನಿ ತಗ್ಗಿಸು ಎಂದು ಸನ್ನೆ ಮಾಡಬೇಕೆನಿಸಿತು. ಮಾಡಲಿಲ್ಲ.

“ಆಟೋ ನಿಂತಿತ್ತಬೇ.”

“ಆಟೋ.” ಅವನ ತುಟಿಯಿಂದ ಓದಿ ಅವಳೂ ಅಂದಳು. “ಶೇವಂತಿ ಮಗಾ ಅದಿ ನೀ. ಸಾವಿತ್ರಿಗೆ ತಿಳೀಲಿಲ್ಲ ಅನ್ನು, ಆಕಿ ಹೊಲದಾಕಿ. ನಿನಗ ಗೊತ್ತಿತ್ತಲ್ಲ?”

ಅವನ ಬಾಯಿಗೆ ಎಷ್ಟೋ ಉತ್ತರ ಬಂದವು. ಒಂದೇ ಹಾಸಿಗೆ ಇತ್ತು, ಸಾವಿತ್ರೆವ್ವನ ಬೆನ್ನು ಹೋಗಿತ್ತು, ನಿನ್ನ ಒಳ್ಳೆಯದಕ್ಕೇ ಮಾಡಿದೆ. ಎಲ್ಲವೂ ನಿಜ. ಆದರೂ ಅವಳು ಕೇಳಿದ್ದು ಅದನ್ನಲ್ಲ.

“ಗೊತ್ತಿತ್ತು,” ಎಂದ.

ಮುತ್ತವ್ವ ಬಹಳ ಹೊತ್ತು ಅವನನ್ನು ನೋಡಿದಳು. ಸಿಟ್ಟೂ ಕಾಣಲಿಲ್ಲ, ಅಳುವೂ ಕಾಣಲಿಲ್ಲ. ಎಳೆ ಎಲ್ಲಿ ಕಡಿದಿದೆ ಎಂದು ಹುಡುಕುವಾಗ ನೇಕಾರರು ನೋಡುವ ನೋಟ. ಆಮೇಲೆ ಕೈ ಚಾಚಿದಳು. “ಕೀಲಿಕೈ ಎಲ್ಲೈತಿ?”

ಜೇಬಿನಿಂದ ತೆಗೆದು ಕೊಟ್ಟ. ಅವಳು ಅದನ್ನು ತಿರುವಿ ನೋಡಿ, ಕೊರಳಿನ ಕರಿದಾರಕ್ಕೆ ಕಟ್ಟಲು ಹೋದಳು. ಬೆರಳು ಸಾಗಲಿಲ್ಲ. ನೀಲಕಂಠ ಎದ್ದು ಕಟ್ಟಿ, ಮತ್ತೆ ಫೈಲು ಮಂಡಿಗಿಟ್ಟುಕೊಂಡು ಕೂತ. ಹತ್ತಿರ ಹೋದಾಗ ಆ ತಲೆಯಿಂದ ಆಶ್ರಮದ ಸಾಬೂನಿನ ವಾಸನೆ ಬಂತು. ಅವಳ ಖೋಲಿಯಲ್ಲಿ ಗಂಜಿ ಹಾಕಿದ ನೂಲಿನ ವಾಸನೆ ಇರುತ್ತಿತ್ತು.

“ನನಗ ಲೆಕ್ಕ ತಿಳೀತೈತೋ ನೀಲ್ಯಾ,” ಎಂದಳು. ಧ್ವನಿ ಈಗಲೂ ಅಷ್ಟೇ ದೊಡ್ಡದು. “ಕಾಲ ನಡ್ಯಾಂಗಿಲ್ಲ. ಬಚ್ಚಲಕ ಹೋಗಬೇಕಂದ್ರ ಇಬ್ಬರ ಹಿಡೀಬೇಕು. ಸಾವಿತ್ರಿ ಎಷ್ಟ ದಿನಾ ಎತ್ತ್ಯಾಳು? ಆಕಿನೂ ಮುದುಕಿ. ಅವತ್ತ ನೀ ನಿಂತಿದ್ರೂ ನಾ ಬರ್ತೇನಿ ಅಂತಿದ್ದೆ. ಇನ್ನೊಂದ ರಾತ್ರಿ ಅಲ್ಲೇ ಮಲಕೊಂಡ, ಮುಂಜಾನಿ ಎದ್ದ, ಮಗ್ಗದವರಿಗೆಲ್ಲಾ ಹೋಗಿಬರ್ತೇನಿ ಅಂತ ಹೇಳಿ ಬರ್ತಿದ್ದೆ. ಅಷ್ಟ ಕೇಳವಳಿದ್ದೆ. ಒಂದ ರಾತ್ರಿ.”

ಒಂದು ರಾತ್ರಿ ಕೇಳಿದ್ದರೆ ಆಶ್ರಮದವರಿಗೆ ಒಂದು ಫೋನು ಹಚ್ಚಿ ಹಾಸಿಗೆ ಹಿಡಿದಿಡಿಸಬಹುದಿತ್ತು. ಇಷ್ಟೆಲ್ಲಾ ಫೋನು ಮಾಡಿದವನಿಗೆ ಅದೊಂದು ದೊಡ್ಡದಾಗಿರಲಿಲ್ಲ.

“ಈಗ ಹೋಗೂನೇನು? ಗಾಡಿ ಮಾಡ್ತೇನಿ. ಒಂದ ರಾತ್ರಿ ಇದ್ದ ಬರೂನು.”

ಅವಳು ತಲೆಯ ಮೇಲಿನ ಸೆರಗು ಮುಟ್ಟಿಕೊಂಡಳು. “ಈ ತಲಿ ತಗೊಂಡ ಓಣ್ಯಾಗ ಹ್ಯಾಂಗ ಬರ್ಲಿ? ಬೆಳೀಲಿ.” ಅವನ ಮಂಡಿಯ ಮೇಲಿನ ಫೈಲನ್ನು ಬೆರಳಿಂದ ಕುಟ್ಟಿದಳು. “ಇಲ್ಲೇ ಇರ್ತೇನಿ. ನಂದಾ ಛಲೋ ಹುಡುಗಿ, ಆಕೀದೇನೂ ತಪ್ಪಿಲ್ಲ. ಆದ್ರ ಒಪ್ಪೇನಿ ಅಂತ ಬರೀಬ್ಯಾಡ. ನಾ ಒಪ್ಪಿಲ್ಲ, ಇದ್ದೇನಿ ಅಷ್ಟ. ಖೋಲಿ ಖಾಲಿ ಇಲ್ಲಂತ ವೀರಣ್ಣಗ ಹೇಳು.”

ನಂದಾ ಹತ್ತಿರ ಬಂದು ನಿಂತಿದ್ದಳು, ಬಕೆಟ್ ಕೆಳಗಿಟ್ಟಿದ್ದಳು. ನೀಲಕಂಠ ಅವಳ ಮುಖ ನೋಡದೆ ಹೇಳಿದ: “ಆಕಿ ಗೋಣು ಹಾಕಿದ್ರ ಒಪ್ಪಿದ್ಳು ಅಂತಲ್ಲವ್ವ. ವಿಚಾರ ಮಾಡಿ ಹೇಳ್ತೇನಿ ತಡಿ ಅಂತ. ಗೋಣು ಹಾಕಿದ ಮ್ಯಾಲೆ ನಿಲ್ಲಬೇಕು. ನನಗ ಗೊತ್ತಿತ್ತು, ನಾನ ನಿನಗ ಹೇಳಿದ್ದಿಲ್ಲ.” ನಂದಾಳ ಕಣ್ಣು ಮುತ್ತವ್ವನ ಸೆರಗಿನ ಅಂಚಿಗೆ ಹೋಯಿತು. “ಅಯ್ಯ ಶಿವನ” ಎಂದು ಬಾಯಿಗೆ ಕೈ ಒತ್ತಿಕೊಂಡಳು. ಅವನು ಹೆದರಿದ್ದ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ, ಬಗ್ಗಿ ಮುದುಕಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ನಿಂತು ನೀಲಕಂಠ ಆಫೀಸಿಗೆ ಫೋನು ಹಚ್ಚಿದ. ಅಲ್ಲಿಯ ಮೇಲಧಿಕಾರಿ ಪೂರ್ಣಿಮಾ ಮೇಡಂ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮೈಸೂರು ಕಡೆಯವಳು, ಕೆಲಸದಲ್ಲಿ ಚುರುಕು.

“ಏಳನೇದು ಆಯ್ತಾ ಸರ್?”

“ಹೌದೂ ಅಲ್ಲ, ಇಲ್ಲಾನೂ ಅಲ್ಲರಿ ಮೇಡಂ.”

“ಕಂಪ್ಯೂಟರ್ ತಗೊಳ್ಳಲ್ಲ ಸರ್. ಒಂದು ಹಾಕಲೇಬೇಕು.”

“ಹಂಗಾರ ಇಲ್ಲ ಹಾಕ್ರಿ. ಹಿಂದಿಂದೂ ಇಲ್ಲ ಅಂತ ತಿದ್ದರಿ. ಅವತ್ತ ನಾ ತಪ್ಪ ಬರದೇನಿ.”

“ಆ ಫೈಲನ್ನೇ ಮಾದರಿ ಅಂತ ಮೀಟಿಂಗ್‌ನಲ್ಲಿ ತೋರಿಸಿದ್ದೀವಿ ಸರ್. ನಾನು ಎಲ್ಲರ ಮುಂದೆ ನಿಮ್ಮ ಹೆಸರು ಹೇಳಿದ್ದೀನಿ.”

“ಹೌದ್ರಿ. ಮುಂದಿನ ಮೀಟಿಂಗಿನ್ಯಾಗ ನಾನ ಎದ್ದ ನಿಂತ ಹೇಳ್ತೇನ್ರಿ.”

“ಇಲ್ಲ ಅಂದ್ರೆ ತಾತ್ಕಾಲಿಕ ಅಂತಲೇ ಮುಂದುವರಿಯುತ್ತೆ. ಮೂರು ತಿಂಗಳಿಗೊಂದು ಸಲ ನೀವೇ ಹೋಗಿ ಕೇಳಬೇಕಾಗುತ್ತೆ, ಪ್ರತಿ ಸಲ.”

“ಕೇಳ್ತೇನ್ರಿ,” ಎಂದು ಫೋನಿಟ್ಟ. ಮೇಡಂಗೆ ಬೇಸರವಾಯಿತೆಂದು ಗೊತ್ತಾಯಿತು. ಇನ್ನು ಅವನ ಹಳೆಯ ಫೈಲುಗಳನ್ನೆಲ್ಲಾ ಒಂದೊಂದಾಗಿ ತೆಗೆದು ನೋಡುತ್ತಾರೆ. ನೋಡಲಿ. ಅವನೂ ನೋಡಬೇಕಿತ್ತು. ಹದಿಮೂರು ಜನರಲ್ಲಿ ಮಗ್ಗದ ಮನೆಯವರು ಒಂಬತ್ತು. ಅವರಲ್ಲಿ ಎಷ್ಟು ಜನ ಗೋಣು ಹಾಕಿದ್ದರು, ಎಷ್ಟು ಜನರ ಎದುರು ತಾನು ನಿಂತಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋಗಿ ನಾಲ್ಕನೆಯದಕ್ಕೇ ಕೈಬಿಟ್ಟ.

ಬಿಸಿಲು ಏರಿತ್ತು. ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ದಾಟಿಕೊಂಡು ಬನಹಟ್ಟಿಯ ಬಸ್ಸು ಬರುವುದು ಕಂಡಿತು. ಅದು ತಪ್ಪಿದರೆ ಇನ್ನೊಂದಕ್ಕೆ ಒಂದು ತಾಸು. ರಸ್ತೆಗೆ ಬಂದು ಕೈ ಚಾಚುವ ಮೊದಲು ಒಮ್ಮೆ ಹಿಂದೆ ನೋಡಿದ. ಮುತ್ತವ್ವನ ಕುರ್ಚಿಯನ್ನು ನಂದಾ ಮುಂದಿನ ಪಡಸಾಲೆಗೆ ತಂದಿದ್ದಳು. ಮುತ್ತವ್ವ ಅವನ ಕಡೆ ಕೈಯೆತ್ತಿ ಏನೋ ಸನ್ನೆ ಮಾಡುತ್ತಿದ್ದಳು, ಅಷ್ಟು ದೂರದಿಂದ ಏನೆಂದು ತಿಳಿಯಲಿಲ್ಲ. ಕರೆದಂತೆಯೂ ಇತ್ತು, ಹೋಗು ಎಂದಂತೆಯೂ ಇತ್ತು. ನೀಲಕಂಠ ಅವಳನ್ನು ನೋಡಿ ಗೋಣು ಹಾಕಿದ. ಗದ್ದ ತಾನಾಗಿಯೇ ಎದೆಯ ಕಡೆ ಇಳಿದು, ಅಲ್ಲೇ ನಿಂತು, ಮೇಲೆದ್ದಿತ್ತು. ಬಸ್ಸು ಬಂದು ನಿಂತಿತು. “ಹತ್ರಿ ಹತ್ರಿ, ಲಗೂನ” ಎಂದ ಕಂಡಕ್ಟರ್. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ. ಆಗ ಕುತ್ತಿಗೆಯಲ್ಲಿ ಇನ್ನೂ ಆ ಗೋಣಿನ ಭಾರ ಉಳಿದಿರುವುದು ಅವನಿಗೆ ಗೊತ್ತಾಯಿತು. ಕಾಲು ಕೆಳಗಿಳಿಸಿದ. ಕಂಡಕ್ಟರ್ ಏನೋ ಬೈದು ಸೀಟಿ ಊದಿದ, ಬಸ್ಸು ಹೋಯಿತು, ಅದರ ಹಿಂದೆ ಎದ್ದ ಧೂಳಿನಲ್ಲಿ ಅವನೊಬ್ಬನೇ ನಿಂತಿದ್ದ. ತಿರುಗಿ ಗೇಟು ದಾಟಿ, ಅಂಗಳ ದಾಟಿ, ಪಡಸಾಲೆಯವರೆಗೆ ನಡೆದ. ಎಲ್ಲಾ ಕುರ್ಚಿಗಳಲ್ಲಿದ್ದವರೂ ಅವನು ಬರುವುದನ್ನು ನೋಡುತ್ತಿದ್ದರು.

ಮುತ್ತವ್ವನ ಎದುರು ನಿಂತು, ತುಟಿ ಅಗಲಿಸಿ ಕೇಳಿದ: “ಏನ್ ಬೇಕಾಗಿತ್ತಬೇ?”

“ಏನೂ ಇಲ್ಲ,” ಎಂದಳು ಮುತ್ತವ್ವ. “ಗೋಣು ಹಾಕಿದೆಲ್ಲ. ಬರ್ತೀಯೋ ಇಲ್ಲೋ ನೋಡಿದೆ.”